ಹಿಂಬಾಗಿಲಿಗೆ ತೋರಣ

ಶಕುಂತಲಮ್ಮ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾಗ ತಮ್ಮನ ದನಿ ಏರಿತು.

"ಬೆಳಿಗ್ಗೆ ಬೇಕಾದ್ರೆ ಹತ್ತು ಸಲ ತೆಗೀತೀನಿ ಕಣಮ್ಮ. ದೀಪ ಹಚ್ಚೋ ಹೊತ್ನಲ್ಲಿ ಹಿಂಬಾಗಿಲು ತೆಗಿಯಲ್ಲ ಅಂದ್ರೆ ತೆಗಿಯಲ್ಲ!"

ದೊಡ್ಡಬಳ್ಳಾಪುರದ ಆ ಮಗ್ಗದ ಮನೆಗೆ ತಮ್ಮ ರಾಮಲಿಂಗಯ್ಯನೇ ಯಜಮಾನ. ಎದುರಿಗೆ ನಿಂತಿದ್ದವಳು ಅನಿತ, ಬೆಂಕಿ ಸುರಕ್ಷತೆಯ ಎಂಜಿನಿಯರ್. ಕೆಳಗೆ ಮಗ್ಗಗಳು, ಮೇಲೆ ಹೊಸದಾಗಿ ಕಟ್ಟಿದ ಹಾಲ್. ಬೆಂಕಿ ಬಿದ್ದರೆ ಮೇಲಿನವರು ಇಳಿದು ಪಾರಾಗಬಹುದು ಎಂದು ಅನಿತ ವರದಿ ಕಳಿಸಿದರೆ ಮಾತ್ರ ಹಾಲ್‌ಗೆ ಪರವಾನಗಿ. ಅಲ್ಲಿಯವರೆಗೆ ನೂಲು ಸುತ್ತುವ ಹೆಂಗಸರು ಹಿಂದುಗಡೆಯ ಅಂಗಳದ ತಗಡಿನ ಚಪ್ಪರದಡಿ ಬೇಯಬೇಕು. ಹಿಂದೆ ಇನ್ನೊಂದು ಮೆಟ್ಟಿಲು, ಅದರ ಬುಡದಲ್ಲಿ ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲು, ಅವಳು ಹೇಳಿದ್ದನ್ನೆಲ್ಲ ರಾಮಲಿಂಗಯ್ಯ ಮಾಡಿಸಿದ್ದ. ಆದರೆ ಒಂದು ಸಂಜೆ ಹೇಳದೆ ಬಂದ ಅನಿತಳಿಗೆ ಕಂಡದ್ದು ಬಾಗಿಲಿಗೆ ಸುತ್ತಿದ ಸರಪಳಿ, ಸರಪಳಿಗೆ ಬೀಗ. ಅಂದಿನಿಂದ ವರದಿ ಅವಳ ಲ್ಯಾಪ್‌ಟಾಪಿನಲ್ಲೇ ಕೂತಿತ್ತು.

"ಪಾಳಿ ಬದಲಾಗೋದು ಸಂಜೆ ತಾನೇ ಸರ್? ಒಳಗೆ ಜನ ಜಾಸ್ತಿ ಇರೋದೇ ಆಗ. ಆ ಹೊತ್ನಲ್ಲೇ ಎಲ್ಲರನ್ನೂ ಒಂದ್ಸಲ ಇಳಿಸಿ ನೋಡ್ಬೇಕು," ಎಂದಳು ಅನಿತ. "ಬೆಂಕಿ ಬೆಳಿಗ್ಗೆ ಮಾತ್ರ ಬರುತ್ತೆ ಅಂತ ನೀವು ಬರ್ಕೊಡಿ, ನಾನೂ ಬೆಳಿಗ್ಗೆನೇ ಬರ್ತೀನಿ."

"ಮುಂದೆ ಬಂದ ಲಕ್ಷ್ಮಿ ಹಿಂದಿಂದ ಹೊರಟುಹೋದ್ರೆ ನಿಮ್ಮ ವರದಿ ವಾಪಸ್ ಕರ್ಕೊಂಡ್ಬರುತ್ತಾ? ಹಳೇ ಮನೇಲಿ ಒಂದು ಸಂಜೆ ಹಿಂಬಾಗಿಲು ಹಾಕೋದು ಮರ್ತುಬಿಟ್ವಿ. ಆ ವರ್ಷವೇ ಅಪ್ಪನ ಮಗ್ಗ ಇನ್ನೊಬ್ಬರ ಮನೆ ಸೇರ್ತು. ಬೇಕಾದ್ರೆ ಅಕ್ಕನ್ನೇ ಕೇಳಿ!"

ಶಕುಂತಲಮ್ಮ ದೀಪ ಉಜ್ಜುತ್ತಲೇ ಇದ್ದರು. ಬಾಗಿಲು ಮರೆತದ್ದೂ ನಿಜ, ಮಗ್ಗ ಹೋದದ್ದೂ ನಿಜ. ಚಪ್ಪರದಡಿಯಿಂದ ನೂಲು ಸುತ್ತುವ ಅಕ್ಕಯಮ್ಮ ರಾಟೆ ನಿಲ್ಲಿಸಿ ಕೂಗಿದಳು. "ಯಜಮಾನ್ರೇ, ಆ ಲಕ್ಷ್ಮೀನ ಒಂದು ಗಳಿಗೆ ಈ ತಗಡಿನ ಕೆಳಗೆ ಕೂರ್ಸಿ ನೋಡಿ. ಬಾಗಿಲೇ ಕೇಳಲ್ಲ, ಕಾಂಪೌಂಡ್ ಹಾರಿ ಓಡ್ತಾಳೆ!" ಹೆಂಗಸರೆಲ್ಲ ನಕ್ಕರು. ರಾಮಲಿಂಗಯ್ಯ ನಗಲಿಲ್ಲ.

ಶಕುಂತಲಮ್ಮ ದೀಪ ತೊಳೆದು ಬೋರಲಾಗಿಟ್ಟರು. "ನಾಳೆ ಸಂಜೆ ಬಾ ತಾಯಿ. ನಾನಿದೀನಿ," ಎಂದರು ಅನಿತಳಿಗೆ.

ಮರುದಿನ ಅನಿತ ಬರುವಷ್ಟರಲ್ಲಿ ಹಿಂಬಾಗಿಲು ಗುರುತೇ ಸಿಗುತ್ತಿರಲಿಲ್ಲ. ನೆಲ ಸಾರಿಸಿ ರಂಗೋಲಿ ಬಿಟ್ಟಿತ್ತು. ಕಾಲಿಗೆ ಎಡವಬಾರದೆಂದು ನೆಲಮಟ್ಟಕ್ಕೇ ಕೂರಿಸಿದ ಹೊಸಿಲಿಗೆ ಅರಿಶಿನ, ಕುಂಕುಮ. ಮೇಲೆ ಮಾವಿನ ತೋರಣ. ಶಕುಂತಲಮ್ಮ ದೀಪ ಹಿಡಿದು, "ಇದನ್ನೂ ಇಲ್ಲೇ ಇಡಲಾ?" ಎಂದು ಕೇಳಿದರು.

"ಅಯ್ಯೋ, ದೀಪ ಮಾತ್ರ ಬೇಡಮ್ಮ! ಓಡಿ ಬರೋರ ಸೆರಗಿಗೆ ತಗುಲುತ್ತೆ."

"ನಿನ್ನ ಶಾಸ್ತ್ರದಲ್ಲಿ ಬೇಡ ಅಂದ್ರೆ ಬೇಡ," ಎಂದು ಒಳಗೆ ದೇವರ ಗೂಡಿನಲ್ಲೇ ದೀಪ ಹಚ್ಚಿ ಬಂದರು. ಅದೇ ಹೊತ್ತಿಗೆ ಸರಪಳಿ ಹಿಡಿದು ಬಂದ ರಾಮಲಿಂಗಯ್ಯ ನಿಂತಲ್ಲೇ ನಿಂತ.

"ಏನಕ್ಕಾ ಇದು, ಹಿಂಬಾಗಿಲಿಗೆ ತೋರಣ?"

"ಹಿಂಬಾಗಿಲು ಯಾವುದೋ? ಬೆಳಿಗ್ಗೆ ಹೊಸಿಲು ಪೂಜೆ ಮಾಡಿದೀನಿ. ಇದೂ ಮುಂಬಾಗಿಲೇ."

"ಒಂದು ಮನೆಗೆ ಎರಡು ಮುಂಬಾಗಿಲಾ? ಯಾರಾದ್ರೂ ಕೇಳಿದ್ರೆ ನಗ್ತಾರೆ!"

"ಘಾಟಿ ದೇವಸ್ಥಾನಕ್ಕೆ ಹೋದಾಗ ಏನು ಮಾಡ್ತೀಯಪ್ಪಾ?" ಶಕುಂತಲಮ್ಮ ನಿಧಾನವಾಗಿ ಕೇಳಿದರು. "ಒಂದೇ ಕಲ್ಲು. ಈ ಕಡೆ ಸುಬ್ರಹ್ಮಣ್ಯ, ಆ ಕಡೆ ನರಸಿಂಹಸ್ವಾಮಿ. ಹಿಂದೆ ಕನ್ನಡಿ ಇಟ್ಟಿದಾರೆ, ಅದ್ರಲ್ಲಿ ನೋಡಿ ಕೈ ಮುಗೀತೀಯ. ಆ ಸ್ವಾಮಿ ಹಿಂದಿದಾನೆ ಅಂತ ಎಂದಾದ್ರೂ ಬೀಗ ಹಾಕಿದಾರಾ? ಅವನ ಕಡೆ ನಿಂತು ನೋಡು, ಅದೇ ಮುಂದೆ. ಕುಂಕುಮ ಇಟ್ಟ ಹೊಸಿಲು ದಾಟಿ ಲಕ್ಷ್ಮಿ ಬರ್ತಾಳೆ ಕಣೋ, ಹೋಗಲ್ಲ."

ರಾಮಲಿಂಗಯ್ಯ ತೋರಣ ನೋಡಿದ, ಅಕ್ಕನ ಮುಖ ನೋಡಿದ. ಮನೆಯ ಹೊಸಿಲು ಪೂಜೆ ಅಮ್ಮನ ನಂತರ ಅಕ್ಕನದೇ. ಅಕ್ಕ ಪೂಜಿಸಿದ ಮೇಲೆ ಅದು ಮುಂಬಾಗಿಲೇ. ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಹೋಗಿ ನಿಂತ.

ಹೆಂಗಸರೆಲ್ಲ ಮೇಲಿನ ಹಾಲ್‌ಗೆ ಹತ್ತಿದರು. ಅನಿತ ಮುಂದಿನ ಮೆಟ್ಟಿಲಿಗೆ ಅಡ್ಡಲಾಗಿ ಕೆಂಪು ಬಟ್ಟೆ ಕಟ್ಟಿ, "ಇಲ್ಲಿ ಬೆಂಕಿ!" ಎಂದು ಕೂಗಿ ಗಂಟೆ ಒತ್ತಿದಳು. ಮೇಲೆ ಗದ್ದಲ, ಆಮೇಲೆ ಹಿಂದಿನ ಮೆಟ್ಟಿಲಲ್ಲಿ ಬಳೆಗಳ ಸದ್ದು. ಬಾಗಿಲು ದಢಾರನೆ ತೆರೆದುಕೊಂಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅಕ್ಕಯಮ್ಮ ಮುಂದೆ, ಉಳಿದವರು ಅವಳ ಹಿಂದೆ, ರಂಗೋಲಿ ತುಳಿದುಕೊಂಡು, ನಗುತ್ತಾ, ಏದುಸಿರು ಬಿಡುತ್ತಾ ತೋರಣದಡಿ ಅಂಗಳಕ್ಕೆ ನುಗ್ಗಿದರು. ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಯಜಮಾನನೇ ಹೆಸರು ಕರೆಯಬೇಕಿತ್ತು. ರಾಮಲಿಂಗಯ್ಯ ಕರೆದ.

"ಅಕ್ಕಯಮ್ಮ!" "ಬಂದೆ!"

"ಮುನಿತಾಯಮ್ಮ!" "ಬಂದೆ ಅಣ್ಣಾ!"

"ಅರ್ಪಿತ!" "ಬಂದೆ!"

ಕರೆಯುತ್ತಾ ಕರೆಯುತ್ತಾ ಅವನ ದನಿ ತಾನಾಗಿ ಗಟ್ಟಿಯಾಯಿತು. ಕೊನೆಯವಳೂ ಬಂದೆ ಎಂದಾಗ ಅಂಗಳದಲ್ಲಿ ಚಪ್ಪಾಳೆ ಬಿತ್ತು. ಗಾಳಿಗೆ ಬಾಗಿಲು ಮುಚ್ಚಿಕೊಳ್ಳಲು ಹೊರಟಿತು. ರಾಮಲಿಂಗಯ್ಯನೇ ಓಡಿ ಹೋಗಿ ಬೆನ್ನು ಕೊಟ್ಟು ಹಿಡಿದ.

ಅನಿತ ಕಲ್ಲುಚಪ್ಪಡಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ತಿಂಗಳುಗಳಿಂದ ತಡೆದಿದ್ದ ವರದಿಗೆ ಆ ದಿನದ ತಾರೀಕು ಹಾಕಿ, ಕಳಿಸುವ ಗುಂಡಿ ಒತ್ತಿ, ಕೈ ಮೇಲೆತ್ತಿದಳು. "ಹೋಯ್ತು!"

"ಏ, ಏ!" ಹೆಗಲ ಮೇಲೆ ಸರಪಳಿ, ಬೆನ್ನ ಹಿಂದೆ ತೆರೆದ ಬಾಗಿಲು, ರಾಮಲಿಂಗಯ್ಯ ಅಲ್ಲಿಂದಲೇ ಗದರಿದ. "ದೀಪ ಹಚ್ಚಿದ ಹೊತ್ನಲ್ಲಿ ಹೋಯ್ತು ಅನ್ನಬಾರ್ದಮ್ಮ. ತಲುಪ್ತು ಅನ್ನು!"