ಚೌಕಾಬಾರದ ಫ್ಲಾಪಿ

ತೀರಿಕೊಂಡ ಗಂಡ ಮೂವತ್ತೈದು ವರ್ಷದ ಹಿಂದೆ ಮನೆಯ ಕಂಪ್ಯೂಟರಿಗೆಂದು ಬರೆದ ಚೌಕಾಬಾರದ ಆಟ ಆ ಫ್ಲಾಪಿಯಲ್ಲಿತ್ತು. ಅದರೆದುರು ವಿಶಾಲಾಕ್ಷಮ್ಮ ಒಮ್ಮೆಯೂ ಸೋತವರಲ್ಲ. ಊರಿಗೆಲ್ಲ ಡಂಗುರ ಸಾರಿಯೂ ಆಗಿತ್ತು.

ಕಂಪ್ಯೂಟರ್ ರಿಪೇರಿಯವನು ಮೂರು ಸಾಫ್ಟ್‌ವೇರ್ ಬದಲಿಸಿ, ವಾರವೆಲ್ಲ ಒದ್ದಾಡಿ, ಫ್ಲಾಪಿಯ ನಕಲು ತೆಗೆದು ಲ್ಯಾಪ್‌ಟಾಪನ್ನೇ ಹಳೇ ಕಂಪ್ಯೂಟರಿನಂತೆ ನಡೆಸುವ ಎಮ್ಯುಲೇಟರಿನಲ್ಲಿ ಓಡಿಸಿದ. ಆಟ ಹೆಸರು ಕೇಳಿತು. ವಿಶಾಲಾಕ್ಷಮ್ಮ ಎಂದಿನಂತೆ, ಗಂಡ ಕರೆಯುತ್ತಿದ್ದ ಹೆಸರನ್ನೇ ‘ವಿಶಾಲು’ ಎಂದು ಟೈಪಿಸಿದರು. ಒಂದು ಕಾಯಿಯೂ ಹಣ್ಣಾಗದೆ ಸೋತರು. ಮತ್ತೆ ಆಡಿದರು, ಮತ್ತೆ ಸೋತರು.

“ನಕಲು ಕೆಟ್ಟಿದೆ ಕಣಪ್ಪ. ಇದು ನಮ್ಮೆಜಮಾನ್ರು ಬರೆದ ಆಟ ಅಲ್ಲ.”

“ಕೆಟ್ಟಿದ್ದು ಮೊದ್ಲು ಅಮ್ಮಾ, ಈಗ ಸರಿ ಮಾಡಿದೀನಿ. ಆಡೋರ ಹೆಸರು ವಿಶಾಲು ಅಂತಿದ್ರೆ ಕಂಪ್ಯೂಟರ್ ಸೋಲ್ಬೇಕು ಅಂತ ಒಂದು ಸಾಲಿತ್ತು, ಅದನ್ನ ತೆಗೆದುಹಾಕ್ದೆ.”