ಹೋಗಿ ಬರುವ ಓದು

ಹಾಸ್ಟೆಲಿನ ಮಾತು ಇತ್ಯರ್ಥವಾಗುವ ತನಕ ಎಮ್ಮೆಯ ಹತ್ತಿರ ಹೋಗುವುದಿಲ್ಲವೆಂದು ಪ್ರಭಾ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾಗಪುರದ ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು, ಖರ್ಚು ಸ್ಕಾಲರ್‌ಶಿಪ್ಪಿನದು. ನಾಳೆ ಹೋಗಿ ಸೇರದಿದ್ದರೆ ಆ ಜಾಗ ಬೇರೆಯವರ ಪಾಲು. ಒಳಗೆ ಟ್ರಂಕು ತಯಾರಾಗಿತ್ತು.

ಅಂಗಳದ ಮಂಚದ ಮೇಲೆ ಅಪ್ಪ ಮಹಾಂತಪ್ಪನೂ, ಇದಕ್ಕೆಂದೇ ನಾಗಪುರದ ಮಹಾಲ್‌ನಿಂದ ಬಂದಿದ್ದ ಕಾಕಾ ಶಿವಶರಣಪ್ಪನೂ ಎಲೆ ಅಡಿಕೆ ಮೆಲ್ಲುತ್ತ, ಹಾಸ್ಟೆಲು ಚಲೋನೋ, ತಾವಿರುವ ಬುಟಿಬೋರಿಯಿಂದ ದಿನಾ ಬಸ್ಸಿಗೆ ಹೋಗಿ ಬರುವುದು ಚಲೋನೋ ಎಂದು ತೂಗುತ್ತಿದ್ದರು. ಇಬ್ಬರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಯೂನಿವರ್ಸಿಟಿಗೆ ಅಡಿಗಲ್ಲು ಹಾಕಿದವರು ತಾವೇ ಎಂಬಂತಿತ್ತು ಮಾತು. ಹಾಸ್ಟೆಲೆಂದರೆ ಕಂಡವರ ಕೈಯ ಊಟ, ಎಂಥೆಂಥವರದೋ ಸಹವಾಸ. ಬಸ್ಸಾದರೆ ಮನೆಯ ರೊಟ್ಟಿ, ಮನೆಯ ಹಾಸಿಗೆ, ಮೇಲಾಗಿ ದಾರಿಯುದ್ದಕ್ಕೂ ಓದಲು ಪುರುಸೊತ್ತು.

“ಕುಂದರಾಕ ಜಾಗಾ ಸಿಕ್ಕರ ಓದಬಹುದು ಕಾಕಾ,” ಎಂದಳು ಪ್ರಭಾ. “ವರ್ಷಾನಗಟ್ಲೆ ನಿಂತಕೊಂಡ ಹೋಗೇನಿ.”

ಬೆಳಗಿನ ಹಾಲು ಹಿಂಡಿ ಬಸ್ಸು ಹತ್ತಿದರೆ ಅವಳು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಸಂಜೆಯ ಹಾಲಿಗಾಗಿ ಪ್ರಯೋಗ ಅರ್ಧಕ್ಕೇ ಬಿಟ್ಟು ಓಡಿ ಬರಬೇಕು. ಪ್ರಾಕ್ಟಿಕಲ್‌ನಲ್ಲಿ ನಪಾಸಾದದ್ದು ಹಾಗೆ. ಮಂಚದ ತಕ್ಕಡಿಗೆ ಅದು ಬೀಳಲೇ ಇಲ್ಲ.

ಕೀಲುನೋವಿಗೆ ಬೆರಳು ಸೊಟ್ಟಗಾಗಿದ್ದ ತಾಯಿ ಗಿರಿಜವ್ವ ಒಲೆಯ ಮುಂದಿನಿಂದಲೇ ಕೇಳಿದಳು: “ಶಿವಶರಣಪ್ಪ, ನಿನ್ನ ಮಗನ್ನ ಪುಣೆ ಹಾಸ್ಟೆಲಿನ್ಯಾಗ ಇಟ್ಟೀಯಲ್ಲ, ಅಂವಗ ಯಾರಪ್ಪ ರೊಟ್ಟಿ ಬಡಿಯವರು?”

“ಅಂವನ ಮಾತು ಬ್ಯಾರೆ, ವೈನಿ,” ಎಂದ ಶಿವಶರಣಪ್ಪ ಉಗುಳಲು ಎದ್ದುಹೋದ.

ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ಕರು ಸತ್ತಾಗಿನಿಂದ ಅದು ಪ್ರಭಾಳ ಕೈಗಲ್ಲದೆ ಇನ್ನಾರ ಕೈಗೂ ಹಾಲು ಬಿಡುತ್ತಿರಲಿಲ್ಲ. ಹೊಸ ಕಾರ್ಖಾನೆ ಕಟ್ಟುವ ಕಡೆಯ ಕ್ಯಾಂಟೀನಿನವನು ಕ್ಯಾನು ಹಿಡಿದು ಆಗಲೇ ಬಾಗಿಲಿಗೆ ಬಂದು ನಿಂತಿದ್ದ. ಮಹಾಂತಪ್ಪನ ಬಾಯಿಂದ ಕಡೆಗೂ ನಿಜವಾದ ತೂಕ ಹೊರಬಿತ್ತು.

“ಎಮ್ಮಿ ಬ್ಯಾರೆಯವರ ಕೈಗೆ ಹಾಲು ಬಿಟ್ಟರ ನಾಳೆ ಹೋಗಲಿ. ಇಲ್ಲಾಂದ್ರ ಬಸ್ಸ ಬರೋಬರ್.”

ಬಿಡುವುದಿಲ್ಲವೆಂದು ಎಲ್ಲರಿಗೂ ತೋರಿಸಲಿಕ್ಕೆ ತಾನೇ ಬಕೆಟ್ಟು ಹಿಡಿದು ಹೋದ. ಕೆಚ್ಚಲಿಗೆ ಕೈ ತಾಗುವಷ್ಟರಲ್ಲಿ ಎಮ್ಮೆ ಒದೆಯಿತು. ಬಕೆಟ್ಟು ಉರುಳಿ ಮಂಚದ ಕಾಲಿಗೆ ಬಂತು. “ನೋಡಿದಿರಿಲ್ಲೋ,” ಎಂದ ಮಹಾಂತಪ್ಪ, ಒದೆ ತಿಂದ ಮೊಣಕಾಲು ತಿಕ್ಕಿಕೊಳ್ಳುತ್ತ, ಗೆದ್ದವನ ಹಾಗೆ.

ಗಿರಿಜವ್ವ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ ಸೀರೆ ತಂದು ಅವನ ಹೆಗಲ ಮೇಲೆ ಹಾಕಿದಳು. ಪ್ರಭಾ ಹಾಲು ಹಿಂಡುವಾಗ ಲಂಗದ ಮೇಲೆ ಸುತ್ತಿಕೊಳ್ಳುತ್ತಿದ್ದ ಹಳೆಯ ಸೀರೆ ಅದು. ಸಗಣಿ, ಹಾಲು, ಬೆವರು ಎಲ್ಲ ಕೂಡಿದ ವಾಸನೆ. ಬುಟಿಬೋರಿಗೆ ಬರುವ ಮೊದಲು ತಮ್ಮೂರಲ್ಲಿದ್ದಾಗ, ತಂತಮ್ಮ ಹೆಂಡತಿ ತವರಿಗೆ ಹೋದಾಗೆಲ್ಲ ಅವಳ ಸೀರೆ ಉಟ್ಟು ಎಮ್ಮೆ ಹಿಂಡುತ್ತಿದ್ದ ಗಂಡಸರನ್ನು ನೋಡಿ ಮಹಾಂತಪ್ಪ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ.

“ಉಟಗೋರಿ,” ಎಂದಳು ಗಿರಿಜವ್ವ. “ಕೆಚ್ಚಲು ಬಿಗದೈತಿ.”

ಅವನು ಕ್ಯಾನಿನವನನ್ನು ನೋಡಿದ, ತಮ್ಮನನ್ನು ನೋಡಿದ, ಮಗಳನ್ನು ನೋಡಿದ. ಅವಳು ಕೂತಲ್ಲಿಂದ ಅಲುಗಲಿಲ್ಲ. ಬಿರಿಯುವಂತಿದ್ದ ಕೆಚ್ಚಲಿಂದ ತಾನಾಗಿಯೇ ಒಂದು ಹನಿ ನೆಲಕ್ಕೆ ಬಿತ್ತು. ಮಹಾಂತಪ್ಪ ಧೋತರದ ಮೇಲೆ ಸೀರೆ ಸುತ್ತಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತ. ಎಮ್ಮೆ ತಿರುಗಿ ಸೆರಗು ಮೂಸಿತು. ಒಮ್ಮೆ ನೆಕ್ಕಿತು. ಸ್ವಲ್ಪ ಹೊತ್ತಿಗೆ ಬಕೆಟ್ಟಿನ ತಳಕ್ಕೆ ಹಾಲಿನ ಧಾರೆ ಬೀಳುವ ಸದ್ದಾಯಿತು. ಶಿವಶರಣಪ್ಪ ಕೆಮ್ಮುವ ನೆವದಲ್ಲಿ ಗೋಡೆಯತ್ತ ಮುಖ ತಿರುಗಿಸಿದ.

ಪ್ರಭಾ ಹೊಸ್ತಿಲಿಂದ ಎದ್ದಳು.

“ಅಪ್ಪಾ, ಆ ಸೀರಿ ಒಗಿಯಾಕ ಹಾಕಬ್ಯಾಡ,” ಎಂದಳು. “ವಾಸನಿ ಹೋದರ ಅದಕ್ಕ ನಿನ್ನ ಗುರುತು ಹತ್ತತೈತಿ.”