ಗಿರಣಿಯ ಗಾಲಿ ತಿರುಗಿಸಿದವರು

ಸುಟ್ಟ ಡೀಸೆಲ್ ವಾಸನೆ ಬಂದರೆ ಇಂದಿಗೂ ಸಾರವಾಡದ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ. ಮುಚ್ಚಿದ ಹತ್ತಿ ಗಿರಣಿಯ ಎಂಜಿನ್ನನ್ನು ಮರುದಿನ ಗುಜರಿಗೆ ಒಯ್ಯುವವರಿದ್ದರು. ಪ್ರತಿ ರವಿವಾರ ವಿಜಯಪುರದಿಂದ ಬಂದು ನಮಗೆ ಲೆಕ್ಕವನ್ನೂ ಖೋಖೋವನ್ನೂ ಕಲಿಸುತ್ತಿದ್ದ ಎಂಜಿನಿಯರ್ ಒಬ್ಬರು, ಅದು ಚಾಲೂ ಆದರೆ ಮಾರುವುದಿಲ್ಲವೆಂದು ಮಾಲೀಕರಿಂದ ಮಾತು ಪಡೆದಿದ್ದರು.

“ಇಂಗ್ರೇಜರ ಎಂಜಿನ್ರೀ ಸಾಹೇಬ್ರ, ನಮ್ಮ ಕೈಗೆ ಬಗ್ಗೂದಿಲ್ಲ,” ಎಂದ ನಮ್ಮಜ್ಜ.

“ಅವ್ರು ಹೋದ ಮ್ಯಾಲ ಇದನ್ನ ಯಾರು ನಡಿಸಿದ್ರು ಅಜ್ಜಾರ, ದೆವ್ವ ಏನ್ರಿ?” ಎಂದು ನಕ್ಕ ಎಂಜಿನಿಯರ್ ನಮ್ಮತ್ತ ತಿರುಗಿದರು. “ಬರ್ರೆವ್ವಾ, ಹಗ್ಗ ಜಗ್ರಿ!”

ಗಾಲಿಗೆ ಸುತ್ತಿದ್ದ ಹಗ್ಗವನ್ನು ಖೋಖೋ ತಂಡದ ಹುಡುಗಿಯರೆಲ್ಲ ಜಗ್ಗಿದೆವು. ಜಿಡ್ಡುಗಟ್ಟಿದ ದೊಡ್ಡ ಗಾಲಿ ನರಳುತ್ತ ಹೊರಳಿತು. ಎಂಜಿನ್ ಕೆಮ್ಮಿ, ಧಡಧಡನೆ ಚಾಲೂ ಆಯಿತು.

ಎಂಜಿನಿಯರ್ ಒಬ್ಬರೇ ಅದನ್ನು ಚಾಲೂ ಮಾಡಿದರೆಂದು ಊರು ಹೇಳುತ್ತದೆ, ನಾನು ಒಪ್ಪಲಾರೆ. ಅಂದು ಸಂಜೆ ಅಜ್ಜ, ಹಗ್ಗ ಜಗ್ಗಿ ಬೊಬ್ಬೆ ಎದ್ದ ನನ್ನ ಅಂಗೈಗೆ ಬೆಣ್ಣೆ ಸವರಿದ.